ಕುಡಿತ ಬಿಟ್ಟವರು ಕೂಡುವ ಜಾಗ

'ಕಾಲಿದ್ದವರು ಹಂಪಿ ನೋಡಬೇಕು, ಕಣ್ಣಿದ್ದವರು ಕನಕಗಿರಿ ನೋಡಬೇಕು' ಎಂಬ ಮಾತು ಕೊಪ್ಪಳ ಸೀಮೆಯಲ್ಲಿ ಎಲ್ಲರ ಬಾಯಲ್ಲೂ ಇದೆ. ಕನಕಾಚಲಪತಿ ದೇವಾಲಯದ ಕಂಬಗಳನ್ನೂ ಗೋಪುರಗಳನ್ನೂ ಕಂಡವರು ಈ ಮಾತನ್ನು ಒಪ್ಪುತ್ತಾರೆ. ಆದರೆ ಕಣ್ಣು ಇರುವುದು ನೋಡಲು ಬಂದವರಿಗೆ ಮಾತ್ರವಲ್ಲ, ಊರಿಗೂ ಕಣ್ಣಿದೆ. ಯಾರು ಯಾವ ಅಂಗಡಿಯ ಮುಂದೆ ನಿಂತರು, ಯಾರು ಸಂಜೆ ತೂರಾಡುತ್ತ ಮನೆಗೆ ಹೋದರು ಎಂಬುದು ಸಣ್ಣ ಊರಿನಲ್ಲಿ ಬೆಳಗಾಗುವುದರೊಳಗೆ ಎಲ್ಲರಿಗೂ ತಿಳಿದಿರುತ್ತದೆ.

ಈಚೆಗೆ ಆ ಕಡೆಯ ಹೆಣ್ಣುಮಗಳೊಬ್ಬರು ನಮ್ಮ ಕಚೇರಿಗೆ ಫೋನ್ ಮಾಡಿದ್ದರು. “ಅಣ್ಣಾರ, ನಮ್ಮ ಮನಿಯವ್ರು ಕುಡಿಯೋದು ಬಿಡ್ತೀನಿ ಅಂತಾರ್ರಿ. ಬಿಟ್ಟೋರು ಕೂಡಿ ಕುಂತು ಮಾತಾಡೋ ಸಭಾ ನಡೀತಾವಂತಲ್ಲ, ಎಲ್ಲಿ ಅದಾವ್ರಿ? ಊರಾಗ ಮಾತ್ರ ಯಾರಿಗೂ ಗೊತ್ತಾಗಬಾರದು ನೋಡ್ರಿ” ಎಂದರು.

ಅವರು ಕೇಳಿದ್ದು ಒಂದಲ್ಲ, ಎರಡು ಪ್ರಶ್ನೆ. ಸಭೆ ಎಲ್ಲಿದೆ ಎಂಬುದು ಮೊದಲನೆಯದು. ಊರಿನ ಕಣ್ಣು ತಪ್ಪಿಸಿ ಅಲ್ಲಿಗೆ ಹೋಗುವುದು ಹೇಗೆ ಎಂಬುದು ಎರಡನೆಯದು. ಮೊದಲನೆಯದಕ್ಕೆ ವಿಳಾಸ ಕೊಟ್ಟರೆ ಮುಗಿಯಿತು. ಎರಡನೆಯದಕ್ಕೆ ಉತ್ತರ ಸಿಗಬೇಕಾದರೆ ಇಂಥ ಸಭೆಗಳು ಹುಟ್ಟಿದ್ದು ಏಕೆ, ಅವುಗಳಿಗಿಂತ ಮುಂಚೆ ನಮ್ಮ ಜನ ಕುಡಿತ ಬಿಡಲು ಹಿಡಿದ ದಾರಿಗಳು ಯಾವುವು ಎಂಬುದನ್ನು ಸ್ವಲ್ಪ ನೋಡಬೇಕಾಗುತ್ತದೆ.

ಆಣೆ, ಮಾಲೆ, ಜೋಳಿಗೆ

ಕುಡಿತದ ಚಿಂತೆ ನಮ್ಮ ನಾಡಿಗೆ ಹೊಸದಲ್ಲ. 12ನೆಯ ಶತಮಾನದ ಶರಣರಲ್ಲಿ ಹೆಂಡದ ಮಾರಯ್ಯ ಎಂಬವರಿದ್ದರು. ಹೆಸರೇ ಹೇಳುವಂತೆ ಹೆಂಡ ಮಾರುವುದು ಅವರ ಕಾಯಕವಾಗಿತ್ತು. ತಮ್ಮ ಕಸುಬಿನ ಮಾತುಗಳನ್ನೇ ಬಳಸಿ ಅವರು ವಚನಗಳನ್ನು ರಚಿಸಿದರು. ಕುಡಿಯುವವನ ಲೋಕವನ್ನು ಒಳಗಿನಿಂದ ಬಲ್ಲವರು ಆಡುವ ಮಾತಿಗೆ ಬೇರೆಯದೇ ತೂಕವಿದೆ ಎಂಬುದನ್ನು ಅಂದಿನ ಶರಣರ ಕೂಟ ಒಪ್ಪಿಕೊಂಡಿತ್ತೆನ್ನಬಹುದು. ಈ ಅಂಶ ಮುಂದೆ ಮತ್ತೆ ಬರುತ್ತದೆ.

ಜನಸಾಮಾನ್ಯರು ಹಿಡಿದ ದಾರಿ ಆಣೆಯದು. ದೇವರ ಮುಂದೆ, ತಾಯಿಯ ತಲೆಯ ಮೇಲೆ, ಮಗುವಿನ ಮೇಲೆ ಕೈಯಿಟ್ಟು ಆಣೆ ಮಾಡುವುದು ಎಲ್ಲ ಊರುಗಳಲ್ಲೂ ಉಂಟು. ಇದರ ಇನ್ನೊಂದು ರೂಪ ಮಾಲೆ. ಪಂಢರಪುರದ ವಾರಕರಿಗಳ ತುಳಸಿಮಾಲೆ ಕೊರಳಿಗೆ ಬಿದ್ದರೆ ಮದ್ಯ ಮಾಂಸ ಮುಟ್ಟುವಂತಿಲ್ಲ. ಶಬರಿಮಲೆಗೆ ಹೋಗುವವರದು 41 ದಿನಗಳ ವ್ರತ. ಗಂಗಾವತಿ ತಾಲ್ಲೂಕಿನ ಅಂಜನಾದ್ರಿ ಬೆಟ್ಟಕ್ಕೆ ವರ್ಷವೂ ಹನುಮಮಾಲೆ ಧರಿಸಿದ ಸಾವಿರಾರು ಭಕ್ತರು ಬರುತ್ತಾರೆ. ಮಾಲೆ ಹಾಕಿದಷ್ಟು ದಿನ ಕುಡಿಯದೆ ಇದ್ದು ಮನೆಯವರ ಮುಖದಲ್ಲಿ ನಗು ತಂದವರು ಇವರಲ್ಲಿ ಇಲ್ಲದಿಲ್ಲ. ಕಷ್ಟ ಬರುವುದು ಮಾಲೆ ತೆಗೆದ ಮರುದಿನ. ವ್ರತಕ್ಕೆ ಕೊನೆಯ ದಿನವಿದೆ, ಚಟಕ್ಕೆ ಇಲ್ಲ.

ಈ ಸಂಪ್ರದಾಯಕ್ಕೆ ಹೊಸ ರೂಪ ಕೊಟ್ಟವರು ಕುಷ್ಟಗಿಯ ನೆರೆಯ ಇಳಕಲ್ಲಿನ ಡಾ. ಮಹಾಂತ ಸ್ವಾಮೀಜಿ. ಚಿತ್ತರಗಿ ವಿಜಯಮಹಾಂತೇಶ್ವರ ಸಂಸ್ಥಾನ ಮಠದ ಪೀಠಾಧಿಪತಿಗಳಾಗಿದ್ದ ಅವರು 1975ರಲ್ಲಿ 'ಮಹಾಂತ ಜೋಳಿಗೆ' ಆರಂಭಿಸಿದರು. ಜಂಗಮರ ಜೋಳಿಗೆ ಎಂದರೆ ಜೋಳ, ಹಿಟ್ಟು, ಕಾಸು ಬೀಳುವ ಚೀಲ. ಸ್ವಾಮೀಜಿ ಓಣಿ ಓಣಿಗೆ, ಕೇರಿ ಕೇರಿಗೆ ಹೋಗಿ ಬೇಡಿದ್ದು ಧಾನ್ಯವನ್ನಲ್ಲ. ನಿಮ್ಮ ಕುಡಿತವನ್ನು, ಬೀಡಿಯನ್ನು, ಗುಟ್ಕಾವನ್ನು ಈ ಜೋಳಿಗೆಗೆ ಹಾಕಿ ಎಂದು ಬೇಡಿದರು. 2018ರಲ್ಲಿ ಅವರು ಲಿಂಗೈಕ್ಯರಾದರು. ಅವರ ಜನ್ಮದಿನವಾದ ಆಗಸ್ಟ್ 1ನ್ನು ರಾಜ್ಯ ಸರ್ಕಾರ ವ್ಯಸನಮುಕ್ತ ದಿನವಾಗಿ ಆಚರಿಸುತ್ತಿದೆ.

ಜೋಳಿಗೆಯ ದೊಡ್ಡತನವೆಂದರೆ ಅದು ಕುಡುಕನನ್ನು ಬೈಯಲಿಲ್ಲ, ಅವನ ಬಾಗಿಲಿಗೆ ಹೋಗಿ ಬೇಡಿತು. ಎಲ್ಲರೂ ದೂರವಿಟ್ಟ ಮನುಷ್ಯನ ಕೈಯಲ್ಲೂ ಕೊಡಲು ಏನೋ ಇದೆ ಎಂದು ತೋರಿಸಿತು. ಆದರೆ ಜೋಳಿಗೆ ಮುಂದಿನ ಊರಿಗೆ ಹೋದ ಮೇಲೆ, ಸಂಜೆ ಏಳು ಗಂಟೆಗೆ ಕೈ ನಡುಗತೊಡಗಿದಾಗ ಆ ಮನುಷ್ಯ ಯಾರ ಬಳಿಗೆ ಹೋಗಬೇಕು ಎಂಬ ಪ್ರಶ್ನೆ ಉಳಿಯುತ್ತದೆ.

ಕಾಯ್ದೆಯ ದಾರಿ

ಇನ್ನೊಂದು ದಾರಿ ಅಂಗಡಿಯನ್ನೇ ಮುಚ್ಚಿಸುವುದು. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆ ನಿಜಾಮನ ಆಳ್ವಿಕೆಯಲ್ಲಿದ್ದಾಗ ಅಬಕಾರಿ ಆ ಸಂಸ್ಥಾನದ ಬೊಕ್ಕಸದ ದೊಡ್ಡ ಆದಾಯಗಳಲ್ಲಿ ಒಂದಾಗಿತ್ತು. ಹೀಗಾಗಿಯೇ ಹೈದರಾಬಾದ್ ಸಂಸ್ಥಾನದ ವಿಮೋಚನಾ ಹೋರಾಟದಲ್ಲಿ ಸೇಂದಿ ಮರಗಳನ್ನು ಕಡಿಯುವುದೂ ಒಂದು ಸತ್ಯಾಗ್ರಹವಾಯಿತು. ಅದು ಕುಡಿತದ ವಿರುದ್ಧವೂ ಹೌದು, ಅರಸನ ಆದಾಯದ ವಿರುದ್ಧವೂ ಹೌದು.

ಸ್ವಾತಂತ್ರ್ಯ ಬಂದ ಮೇಲೂ ಅಬಕಾರಿ ಆದಾಯದ ಮೇಲಿನ ಸರ್ಕಾರಗಳ ಅವಲಂಬನೆ ತಪ್ಪಲಿಲ್ಲ. ಪ್ಯಾಕೆಟ್ ಸಾರಾಯಿ ಹಳ್ಳಿ ಹಳ್ಳಿಗೆ ಬಂತು. 2007ರ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿ ನಿಷೇಧವಾಯಿತು. ಸಾರಾಯಿ ಹೋದ ಜಾಗಕ್ಕೆ ಅಗ್ಗದ ವಿಸ್ಕಿ, ರಮ್ಮು ಬಂದು ಕೂತವು. 2019ರ ಜನವರಿಯಲ್ಲಿ ರಾಯಚೂರು ಮೊದಲಾದ ಜಿಲ್ಲೆಗಳ ಬಡ ಹೆಣ್ಣುಮಕ್ಕಳು ಸಾವಿರ ಸಂಖ್ಯೆಯಲ್ಲಿ ಸೇರಿ, ಮದ್ಯ ನಿಷೇಧಕ್ಕಾಗಿ ಚಿತ್ರದುರ್ಗದಿಂದ ಬೆಂಗಳೂರಿನವರೆಗೆ ಸುಮಾರು 200 ಕಿಲೋಮೀಟರ್ ನಡೆದರು. ಅವರ ಕೂಗಿಗೆ ಕಾರಣ ಅವರ ಮನೆಗಳೊಳಗೇ ಇತ್ತು.

ಅಂಗಡಿ ಹತ್ತಿರವಿದ್ದಷ್ಟೂ ಕುಡಿತ ಹೆಚ್ಚು ಎಂಬುದರಲ್ಲಿ ಅನುಮಾನವಿಲ್ಲ. ಆದರೆ ಈಗಾಗಲೇ ಚಟಕ್ಕೆ ಸಿಕ್ಕಿಬಿದ್ದ ಮನುಷ್ಯ ಇದ್ದಾನಲ್ಲ, ಅವನನ್ನು ಕಾಯ್ದೆಯೊಂದೇ ಎತ್ತಲಾರದು. ಅಂಗಡಿ ಮುಚ್ಚಿದರೆ ಅವನು ಪಕ್ಕದ ಊರಿಗೆ ಹೋಗುತ್ತಾನೆ. ಅವನಿಗೆ ಬೇಕಾದದ್ದು ಮೂರನೆಯ ದಾರಿ.

ಇಬ್ಬರು ಕುಡುಕರ ಭೇಟಿ

ಈ ಮೂರನೆಯ ದಾರಿಯ ಕಥೆ ದೂರದ ಅಮೆರಿಕದಲ್ಲಿ ಶುರುವಾಗುತ್ತದೆ. 1840ರ ಏಪ್ರಿಲ್‌ನಲ್ಲಿ ಬಾಲ್ಟಿಮೋರ್ ನಗರದ ಹೆಂಡದಂಗಡಿಯೊಂದರಲ್ಲಿ ಕೂತಿದ್ದ ಆರು ಮಂದಿ ಗೆಳೆಯರು ಕುಡಿತ ಬಿಡುವುದಾಗಿ ಪಣ ತೊಟ್ಟರು. ಅವರಿಗೆ 'ವಾಷಿಂಗ್ಟನಿಯನ್ನರು' ಎಂದು ಹೆಸರಾಯಿತು. ಅವರ ಸಭೆಗಳಲ್ಲಿ ಭಾಷಣವಿರಲಿಲ್ಲ. ಒಬ್ಬೊಬ್ಬರಾಗಿ ಎದ್ದು ತಮ್ಮ ಕಥೆ ತಾವೇ ಹೇಳುತ್ತಿದ್ದರು. ಕೆಲವೇ ವರ್ಷಗಳಲ್ಲಿ ಲಕ್ಷಗಟ್ಟಲೆ ಜನ ಸೇರಿದರು. ಬೆಳೆದಷ್ಟೇ ಬೇಗ ಆ ಚಳವಳಿ ಕುಸಿಯಿತು. ಮದ್ಯ ನಿಷೇಧದ ಜಗಳ, ವೇದಿಕೆಯ ಮೇಲಿನ ಪ್ರಸಿದ್ಧಿ, ರಾಜಕೀಯ ಎಲ್ಲವೂ ಒಳಗೆ ಬಂದವು, ಒಬ್ಬರ ಕೈ ಒಬ್ಬರು ಹಿಡಿಯುವ ಕೆಲಸ ಹಿಂದೆ ಬಿತ್ತು.

ಮುಂದೆ ಸುಮಾರು ನೂರು ವರ್ಷಗಳ ಬಳಿಕ, 1935ರ ಮೇ ತಿಂಗಳಲ್ಲಿ, ನ್ಯೂಯಾರ್ಕಿನ ಷೇರು ವ್ಯವಹಾರದ ಬಿಲ್ ವಿಲ್ಸನ್ ಓಹಿಯೋ ರಾಜ್ಯದ ಆಕ್ರನ್ ನಗರಕ್ಕೆ ಬಂದಿದ್ದರು. ಅವರು ಕುಡಿತ ಬಿಟ್ಟು ಐದು ತಿಂಗಳಾಗಿತ್ತಷ್ಟೆ. ಬಂದ ವ್ಯವಹಾರ ಕೈಕೊಟ್ಟಿತು. ಹೋಟೆಲಿನ ಪಡಸಾಲೆಯಲ್ಲಿ ಒಂಟಿಯಾಗಿ ನಿಂತಾಗ ಬಾರಿನಿಂದ ನಗು, ಮಾತು ಕೇಳಿಬರುತ್ತಿತ್ತು. ಒಳಗೆ ಹೋದರೆ ಎಲ್ಲವೂ ಮುಗಿಯಿತು ಎಂಬುದು ಅವರಿಗೆ ಗೊತ್ತಿತ್ತು. ಆಗ ಅವರಿಗೆ ಹೊಳೆದದ್ದು ವಿಚಿತ್ರ ಉಪಾಯ: ತನ್ನಂಥದೇ ಇನ್ನೊಬ್ಬ ಕುಡುಕನೊಡನೆ ಮಾತನಾಡಬೇಕು. ಊರಿನ ಪಾದ್ರಿಯೊಬ್ಬರಿಗೆ ಫೋನ್ ಮಾಡಿದರು. ಅಲ್ಲಿಂದ ಒಬ್ಬರಿಂದೊಬ್ಬರಿಗೆ ವಿಚಾರಿಸುತ್ತ ಹೋಗಿ ಮರುದಿನ, ಮೇ 12ರ ಸಂಜೆ, ಡಾ. ಬಾಬ್ ಸ್ಮಿತ್ ಎಂಬ ಶಸ್ತ್ರವೈದ್ಯರ ಎದುರು ಕೂತರು.

ವೈದ್ಯರೂ ಕಡು ಕುಡುಕರು. ಉಪದೇಶ ಕೇಳಿ ಕೇಳಿ ಬೇಸತ್ತಿದ್ದ ಅವರು ಹದಿನೈದು ನಿಮಿಷ ಮಾತ್ರ ಕೂರುವೆನೆಂದು ಬಂದಿದ್ದರು. ಮಾತು ಮುಗಿದಾಗ ರಾತ್ರಿ ಹನ್ನೊಂದು ಗಂಟೆ ದಾಟಿತ್ತು. ವಿಲ್ಸನ್ ಉಪದೇಶ ಮಾಡಲಿಲ್ಲ, ತಾವು ಬಿದ್ದದ್ದನ್ನು ಹೇಳಿಕೊಂಡರು. ಡಾ. ಬಾಬ್ ಅಂದಿನಿಂದಲೇ ಬಿಟ್ಟರೆಂದಲ್ಲ. ಮುಂದಿನ ತಿಂಗಳು ವೈದ್ಯರ ಸಮ್ಮೇಳನಕ್ಕೆ ಹೋದಾಗ ಮತ್ತೆ ಕುಡಿದರು. ಮರಳಿ ಬಂದರು. 1935ರ ಜೂನ್ 10 ಅವರು ಕಡೆಯ ಬಾರಿ ಕುಡಿದ ದಿನ. ಅದೇ ದಿನವನ್ನು 'ಆಲ್ಕೊಹಾಲಿಕ್ಸ್ ಅನಾನಿಮಸ್', ಅಂದರೆ ಹೆಸರು ಹೇಳದ ಮದ್ಯವ್ಯಸನಿಗಳ ಬಳಗ, ತನ್ನ ಹುಟ್ಟಿದ ದಿನವೆಂದು ಎಣಿಸುತ್ತದೆ. ಎಎ ಎಂದೇ ಅದು ಪ್ರಸಿದ್ಧ. 1939ರಲ್ಲಿ ಬಳಗದ ಪುಸ್ತಕ ಹೊರಬಂತು, ಅದರಲ್ಲಿ ಹನ್ನೆರಡು ಹೆಜ್ಜೆಗಳನ್ನು ಬರೆದಿಟ್ಟರು. ವ್ಯಸನಿಗಳ ಮನೆಯವರಿಗಾಗಿ 1951ರಲ್ಲಿ ಅಲ್-ಅನಾನ್ ಎಂಬ ಬೇರೆ ಬಳಗವೇ ಆಯಿತು. ವಿಲ್ಸನ್ ಅವರ ಪತ್ನಿ ಲೋಯಿಸ್ ಅದರ ಸ್ಥಾಪಕರಲ್ಲೊಬ್ಬರು. ಎಎ 1957ರಲ್ಲಿ ಮುಂಬಯಿಯಲ್ಲಿ ಬೇರೂರಿತು, ಕ್ರಮೇಣ ಬೆಂಗಳೂರು, ಮಂಗಳೂರು ಮುಂತಾದ ಕಡೆಗೂ ಬಂತು.

ವಾಷಿಂಗ್ಟನಿಯನ್ನರ ಸೋಲು ಮರುಕಳಿಸದಂತೆ ಎಎ ಕೆಲವು ಕಟ್ಟುಪಾಡು ಹಾಕಿಕೊಂಡಿತು. ಯಾವ ಪಕ್ಷಕ್ಕೂ ಮತಕ್ಕೂ ಸೇರುವುದಿಲ್ಲ, ಮದ್ಯ ನಿಷೇಧದ ಪರವೂ ಅಲ್ಲ ವಿರುದ್ಧವೂ ಅಲ್ಲ. ಶುಲ್ಕವಿಲ್ಲ, ಖರ್ಚಿಗೆ ಸದಸ್ಯರೇ ಕೈಲಾದಷ್ಟು ಹಾಕುತ್ತಾರೆ. ಸೇರಲು ಬೇಕಾದ ಅರ್ಹತೆ ಒಂದೇ, ಕುಡಿತ ಬಿಡಬೇಕೆಂಬ ಆಸೆ.

ಇದರಿಂದ ಫಲವುಂಟೇ ಎಂದು ವಿಜ್ಞಾನಿಗಳೂ ಪರೀಕ್ಷಿಸಿದ್ದಾರೆ. 27 ಅಧ್ಯಯನಗಳನ್ನೂ ಅವುಗಳಲ್ಲಿದ್ದ 10,565 ಜನರನ್ನೂ ಒಟ್ಟಿಗೆ ಪರಿಶೀಲಿಸಿದ ಕಾಕ್ರೇನ್ ವಿಮರ್ಶೆ 2020ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ, ಕ್ರಮಬದ್ಧವಾಗಿ ಎಎ ಸಭೆಗಳಿಗೆ ಜೋಡಿಸುವ ಚಿಕಿತ್ಸೆ ಪಡೆದವರಲ್ಲಿ ಒಂದು ವರ್ಷದ ಕೊನೆಗೆ ಪೂರ್ತಿ ಬಿಟ್ಟೇ ಇದ್ದವರು ನೂರಕ್ಕೆ 42, ಬೇರೆ ಚಿಕಿತ್ಸೆ ಪಡೆದವರಲ್ಲಿ 35. ಇದು ಪವಾಡವಲ್ಲ. ನೂರಕ್ಕೆ 58 ಜನ ಆ ವರ್ಷದಲ್ಲಿ ಎಲ್ಲೋ ಎಡವಿದ್ದಾರೆ. ಆದರೆ ಹಣ ಬೇಡದ ಒಂದು ಕೂಟ ಇಷ್ಟು ನೆರವಾಗುವುದು ಸಣ್ಣ ಮಾತೂ ಅಲ್ಲ.

ಹೆಸರು ಹೇಳದ ಸಭೆ, ಊರೇ ಸೇರುವ ಶಿಬಿರ

ಹೆಸರು ಮುಚ್ಚಿಡುವ ಈ ಪದ್ಧತಿ ನಗರಕ್ಕೆ ಹೊಂದುತ್ತದೆ. ಮುಂಬಯಿಯ ಒಂದು ಬಡಾವಣೆಯವ ಇನ್ನೊಂದು ಬಡಾವಣೆಯ ಸಭೆಗೆ ಹೋದರೆ ಅವನನ್ನು ಗುರುತಿಸುವವರಿಲ್ಲ. ಹತ್ತು ಓಣಿಗಳ ಊರಿನಲ್ಲಿ ಏನು ಮಾಡುವುದು?

ಇದಕ್ಕೆ ನಮ್ಮ ಕಡೆ ಬೇರೆ ಬಗೆಯ ಉತ್ತರ ಕಂಡುಕೊಂಡರು. ಗಂಡನನ್ನು ಕುಡಿತಕ್ಕೆ ಕಳೆದುಕೊಂಡ ಶಾಂತಿ ರಂಗನಾಥನ್ 1980ರಲ್ಲಿ ಚೆನ್ನೈನಲ್ಲಿ ಟಿ.ಟಿ. ರಂಗನಾಥನ್ ಪ್ರತಿಷ್ಠಾನ ಆರಂಭಿಸಿದರು. ಆಸ್ಪತ್ರೆಗೆ ಬರಲಾರದ ಹಳ್ಳಿಗರಿಗಾಗಿ ಮುಂದೆ ಆ ಸಂಸ್ಥೆ ತಂಜಾವೂರು ಸೀಮೆಯ ಮಂಜಕ್ಕುಡಿ ಗ್ರಾಮದಲ್ಲೇ ಶಿಬಿರ ನಡೆಸಿತು. ಕರ್ನಾಟಕದಲ್ಲಿ, 1982ರಲ್ಲಿ ಆರಂಭವಾದ ಶ್ರೀ ಕ್ಷೇತ್ರ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ಜೊತೆಗೆ ಜನಜಾಗೃತಿ ವೇದಿಕೆ ಹುಟ್ಟಿಕೊಂಡಿತು. ಅದರ ಎಂಟು ದಿನಗಳ ಮದ್ಯವರ್ಜನ ಶಿಬಿರಗಳು ಬೆಳ್ತಂಗಡಿ ಸೀಮೆಯಿಂದ ಹೊರಟು ರಾಜ್ಯದ ಉದ್ದಗಲಕ್ಕೂ ಸಾವಿರಕ್ಕಿಂತ ಹೆಚ್ಚು ನಡೆದಿವೆ.

ಇಲ್ಲಿ ಗುಟ್ಟಿಲ್ಲ. ಊರಿನ ಕಲ್ಯಾಣ ಮಂಟಪದಲ್ಲೋ ಶಾಲೆಯಲ್ಲೋ ಶಿಬಿರ, ಊರಿನವರದೇ ವ್ಯವಸ್ಥಾಪನಾ ಸಮಿತಿ. ಹೆಂಡತಿ ಮಕ್ಕಳು ಬರುತ್ತಾರೆ, ಕೊನೆಯ ದಿನ ಎಲ್ಲರ ಎದುರು ಸಮಾರಂಭ. ಊರಿನ ಕಣ್ಣು ತಪ್ಪಿಸುವ ಬದಲು ಆ ಕಣ್ಣನ್ನೇ ಕಾವಲಿಗೆ ನಿಲ್ಲಿಸುವ ಉಪಾಯವಿದು. ಶಿಬಿರ ಮುಗಿದ ಮೇಲೆ ಬಿಟ್ಟವರು ಮತ್ತೆ ಮತ್ತೆ ಸೇರಲು 'ನವಜೀವನ ಸಮಿತಿ'ಗಳಿವೆ. ಎಂಟು ದಿನದ ಶಿಬಿರಕ್ಕಿಂತ ಆಮೇಲಿನ ಈ ಕೂಟವೇ ಮುಖ್ಯ ಎಂದರೆ ತಪ್ಪಾಗಲಾರದು. ಏಕೆಂದರೆ ಮಾಲೆಗೂ ಜೋಳಿಗೆಗೂ ಆಕ್ರನ್ನಿನ ಸಂಜೆಗೂ ಇರುವ ವ್ಯತ್ಯಾಸ ಇಲ್ಲಿದೆ. ಆಣೆ ಒಮ್ಮೆ ಮಾಡುವಂಥದು. ಸಭೆ ಮುಂದಿನ ವಾರವೂ ಇರುತ್ತದೆ, ಎಡವಿ ಬಿದ್ದವನಿಗೂ ಅಲ್ಲಿ ಜಾಗವಿರುತ್ತದೆ.

ಎರಡೂ ಪದ್ಧತಿಗೆ ಬೆಲೆ ತೆರಬೇಕು. ಹೆಸರು ಹೇಳದ ಸಭೆಗೆ ಬಸ್ಸು ಹಿಡಿದು ದೂರ ಹೋಗಬೇಕಾದೀತು, ಒಂದು ದಿನದ ಕೂಲಿ ಹೋದೀತು. ಊರೇ ಸೇರುವ ಶಿಬಿರದಲ್ಲಿ ಒಮ್ಮೆ ಎಡವಿದರೆ 'ಇವನು ಶಿಬಿರಕ್ಕೆ ಹೋಗಿ ಬಂದವ' ಎಂಬ ಚುಚ್ಚುಮಾತು ಕೇಳಬೇಕಾದೀತು.

ಆರಿಸುವುದು ಹೇಗೆ?

ಮೊದಲನೆಯ ಮಾತು ವೈದ್ಯರದು. ಹಲವು ವರ್ಷ ದಿನವೂ ಕುಡಿದವರು ಒಮ್ಮೆಲೇ ನಿಲ್ಲಿಸಿದರೆ ಎರಡು ಮೂರು ದಿನಗಳಲ್ಲಿ ಕೈ ನಡುಕ, ಬೆವರು, ಫಿಟ್ಸ್, ಭ್ರಮೆ ಕಾಣಿಸಿಕೊಳ್ಳಬಹುದು, ಜೀವಕ್ಕೂ ಅಪಾಯವಾಗಬಹುದು. ಆದ್ದರಿಂದ ಸಭೆಗೆ ಮುಂಚೆ ಆಸ್ಪತ್ರೆ. ಇದಕ್ಕಾಗಿ ಬೆಂಗಳೂರಿಗೇ ಓಡಬೇಕಾಗಿಲ್ಲ. ಜಿಲ್ಲೆಯ ಮಟ್ಟದಲ್ಲೇ ಮಾನಸಿಕ ಚಿಕಿತ್ಸೆ ಸಿಗಬೇಕೆಂಬ ಪ್ರಯೋಗವನ್ನು ನಿಮ್ಹಾನ್ಸ್ 1980ರ ದಶಕದಲ್ಲಿ ಮಾಡಿದ್ದು ನಮ್ಮ ನೆರೆಯ ಬಳ್ಳಾರಿಯಲ್ಲೇ. ಅದೇ ಮಾದರಿಯಲ್ಲಿ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾಯಿತು. ಜಿಲ್ಲಾಸ್ಪತ್ರೆಯಲ್ಲಿ ಮನೋವೈದ್ಯರನ್ನು ಕಾಣುವುದು ಮೊದಲ ಹೆಜ್ಜೆ. ಗೋಡೆಯ ಮೇಲೆ ಬರೆದಿರುವ 'ಗೊತ್ತಿಲ್ಲದಂತೆ ಕುಡಿತ ಬಿಡಿಸುವ' ಪುಡಿಗಳನ್ನು ಅನ್ನದಲ್ಲಿ ಕಲಸಿ ಕೊಡಲೇಬಾರದು. ಕುಡಿತ ಬಿಡಿಸಲು ವೈದ್ಯರು ಕೊಡುವ ಡೈಸಲ್ಫಿರಾಮ್‌ನಂಥ ಮಾತ್ರೆಯನ್ನು ತಿಳಿಯದೆ ನುಂಗಿ ಮೇಲೆ ಕುಡಿದರೆ ಪ್ರಾಣಕ್ಕೇ ಕುತ್ತು ಬರಬಹುದು.

ಎರಡನೆಯದು ಸಭೆಯ ಬಗೆ. ಎಎಯಲ್ಲಿ 'ತೆರೆದ ಸಭೆ'ಗೆ ಮನೆಯವರೂ ಬರಬಹುದು, 'ಮುಚ್ಚಿದ ಸಭೆ' ವ್ಯಸನಿಗಳಿಗೆ ಮಾತ್ರ. ಮೊದಲ ದಿನ ಮಾತನಾಡಲೇಬೇಕೆಂಬ ಕಡ್ಡಾಯವಿಲ್ಲ, ಹಿಂದೆ ಕೂತು ಕೇಳಬಹುದು. ಅಲ್ಲಿ ಆಡುವ ಭಾಷೆ ನಿಮಗೆ ತಿಳಿಯುವಂತಿರಬೇಕು. ಇಂಗ್ಲಿಷಿನಲ್ಲಿ ನಡೆಯುವ ಸಭೆಯಲ್ಲಿ ಗದ್ದೆ ಕೆಲಸದವನಿಗೆ ಏನು ಸಿಕ್ಕೀತು? ಕುಡಿತಕ್ಕೆ ಬಿದ್ದ ಹೆಣ್ಣುಮಕ್ಕಳೂ ಇದ್ದಾರೆ, ಗಂಡಸರೇ ತುಂಬಿದ ಕೋಣೆಯಲ್ಲಿ ಅವರು ಬಾಯಿ ಬಿಡಲಾರರು, ಅವರದೇ ಕೂಟ ಬೇಕು. ಹನ್ನೆರಡು ಹೆಜ್ಜೆಗಳಲ್ಲಿ ದೇವರ ಮಾತು ಬರುತ್ತದೆ. ತಾನು ಅರಿತಂತೆ ದೇವರು ಎಂದು ಅಲ್ಲಿಯೇ ಸಡಿಲಿಸಿದ್ದಾರೆ. ಆದರೂ ಒಗ್ಗದಿದ್ದರೆ ಆಸ್ಪತ್ರೆಯ ಗುಂಪು ಸಮಾಲೋಚನೆಗೆ ಸೇರಬಹುದು.

ಮೂರನೆಯದು, ಒಂದೇ ಸಭೆ ನೋಡಿ ತೀರ್ಮಾನಿಸಬೇಡಿ. ಒಂದು ಗುಂಪು ಇನ್ನೊಂದರಂತಿರುವುದಿಲ್ಲ. ನಾಲ್ಕೈದು ಬಾರಿ ಹೋಗಿ, ನಿಮ್ಮಂಥವರು ಅಲ್ಲಿದ್ದಾರೆಯೇ, ಎಡವಿದವನನ್ನು ಅವರು ಹೇಗೆ ಕಾಣುತ್ತಾರೆ ಎಂದು ನೋಡಿ. ಎಡವಿದವನನ್ನು ಹೀಯಾಳಿಸುವ ಕೂಟದಲ್ಲಿ ಉಳಿಯಬೇಕಾಗಿಲ್ಲ. ದೂರದ ಒಳ್ಳೆಯ ಸಭೆಗಿಂತ, ತಪ್ಪದೆ ಹೋಗಬಹುದಾದ ಹತ್ತಿರದ ಸಭೆ ಲೇಸು. 2020ರ ಕೊರೊನಾ ಕಾಲದಿಂದ ಮೊಬೈಲಿನಲ್ಲೇ ಸೇರುವ ಸಭೆಗಳೂ ಬಳಕೆಗೆ ಬಂದಿವೆ. ಊರಿನ ಕಣ್ಣಿಗೆ ಅಂಜುವವರಿಗೆ ಅದು ಒಳ್ಳೆಯ ಆರಂಭ.

ಅಖಿಲ ಭಾರತ ಮಟ್ಟದ ಸಮೀಕ್ಷೆಯೊಂದರ ವರದಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಪ್ರಕಟಿಸಿತು. ಅದರ ಪ್ರಕಾರ ಮದ್ಯಕ್ಕೆ ದಾಸರಾದ 38 ಜನರಲ್ಲಿ ಯಾವುದಾದರೊಂದು ಚಿಕಿತ್ಸೆ ಪಡೆದವರು ಒಬ್ಬರು ಮಾತ್ರ. ಉಳಿದ 37 ಮಂದಿ ಕೇಳಲು ನಾಚಿದವರು, ಕೇಳಿದರೂ ದಾರಿ ಸಿಗದವರು, ಬಿಡುವ ಮನಸ್ಸು ಇನ್ನೂ ಮಾಡದವರು. ಫೋನ್ ಮಾಡಿದ ಹೆಣ್ಣುಮಗಳ ಗಂಡ ಆ 37ರಿಂದ ಹೊರಗೆ ಬರಲು ಒಂದು ಕಾಲು ಎತ್ತಿದ್ದರು.

ಅವರಿಗೆ ನಾನು ಇಷ್ಟೆಲ್ಲ ಹೇಳಲಾಗಲಿಲ್ಲ. ವ್ಯಸನಮುಕ್ತಿಗೆಂದೇ ಇರುವ ಉಚಿತ ಸಹಾಯವಾಣಿ 14446ನ್ನೂ, ಮಾನಸಿಕ ಆರೋಗ್ಯದ ಟೆಲಿ-ಮಾನಸ್ ಸಂಖ್ಯೆ 14416ನ್ನೂ ಬರೆಸಿದೆ. ಅಲ್ಲಿ ಹತ್ತಿರದ ಚಿಕಿತ್ಸಾ ಕೇಂದ್ರ ಯಾವುದೆಂದು ಕೇಳಬಹುದು, ಹೆಸರು ಹೇಳಲು ಅಂಜಬೇಕಾಗಿಲ್ಲ ಎಂದೆ. ಅವರ ಎರಡನೆಯ ಪ್ರಶ್ನೆ ಹಾಗೇ ಉಳಿದಿತ್ತು. ಸಭೆ ಎಂದರೆ ದೊಡ್ಡ ಕೋಣೆ, ಕುರ್ಚಿ, ಫಲಕ ಆಗಬೇಕಿಲ್ಲ, ಮೊಟ್ಟಮೊದಲ ಸಭೆಯಲ್ಲಿ ಇದ್ದವರೇ ಇಬ್ಬರು ಎಂದು ಆಕ್ರನ್ನಿನ ಕಥೆಯನ್ನು ನಾಲ್ಕು ಮಾತಿನಲ್ಲಿ ಹೇಳಿದೆ. ಯಾರು ಕುಡಿಯುತ್ತಾರೆ ಎಂಬುದು ಊರಿಗೆ ಗೊತ್ತಿರುವಂತೆ ಯಾರು ಬಿಟ್ಟಿದ್ದಾರೆ ಎಂಬುದೂ ಗೊತ್ತಿರುತ್ತದಲ್ಲ, ಅಂಥವರು ನಿಮ್ಮ ಕಡೆ ಇದ್ದಾರೆಯೇ ಎಂದು ಕೇಳಿದೆ.

ಅವರು ಸ್ವಲ್ಪ ಹೊತ್ತು ಮಾತನಾಡಲಿಲ್ಲ. ಆಮೇಲೆ, “ನಮ್ಮ ಓಣ್ಯಾಗ ಒಬ್ರು ಕಾಕಾ ಅದಾರ್ರಿ. ಬಿಟ್ಟು ಆರು ವರ್ಷಾತು. ಅವ್ರನ್ನ ಇವತ್ತ ಸಂಜಿಗೆ ಚಾಕ್ಕ ಕರೀತೀನ್ರಿ” ಎಂದರು.